ತವರದ ಚಿನ್ನ, ಪ್ಲಾಸ್ಟಿಕ್ಕಿನ ಬೆಳ್ಳಿ

ಒಂದೇ ಉಕ್ಕಿನ ಅಚ್ಚಿನಿಂದ ಎರಡು ಪ್ಲಾಸ್ಟಿಕ್ ರೋಬಾಟ್‌ಗಳು ಹೊರಬರುತ್ತವೆ. ಕೈ, ಕಾಲು, ಕವಚ, ಕತ್ತಿ ಎಲ್ಲವೂ ಒಂದೇ ಅಳತೆ. ಆದರೆ ಒಂದು ಯಾವ ಅಂಗಡಿಯಲ್ಲಾದರೂ ಸಿಗುವ ಮಾಮೂಲು ಕಿಟ್. ಇನ್ನೊಂದು ಕನ್ನಡಿಯಂತೆ ಹೊಳೆಯುವ ‘ಲಿಮಿಟೆಡ್ ಎಡಿಷನ್’. ಎರಡನೆಯದಕ್ಕೆ ಬೆಲೆಯೂ ಹೆಚ್ಚು, ಅದಕ್ಕಾಗಿ ಕಾದು ಕೂರುವವರೂ ಹೆಚ್ಚು. ಇವೆರಡರ ನಡುವಿನ ವ್ಯತ್ಯಾಸವೆಂದರೆ ಮೇಲಿನ ಒಂದು ತೆಳುವಾದ ಪದರ, ಅಷ್ಟೇ. ಜಪಾನಿನ ಈ ಗೊಂಬೆಯ ಹೊಳಪಿನ ಮರ್ಮವನ್ನು ಕೊಪ್ಪಳ ಜಿಲ್ಲೆಯ ಹಳ್ಳಿಯೊಂದು ಬಹು ಹಿಂದೆಯೇ ಬಲ್ಲದು ಎಂದರೆ ಅಚ್ಚರಿಯಾಗಬಹುದು.

ಸೋತ ಧಾರಾವಾಹಿ, ಗೆದ್ದ ಗೊಂಬೆ

ಜೋಡಿಸುವ ರೋಬಾಟ್ ಕಿಟ್‌ಗಳ ಪೈಕಿ ಜಗತ್ತಿನಲ್ಲಿ ಅತ್ಯಂತ ಹೆಸರಾದದ್ದು ‘ಗನ್‌ಡಮ್’. 1979ರ ಏಪ್ರಿಲ್‌ನಲ್ಲಿ ಜಪಾನಿನ ಟೆಲಿವಿಷನ್‌ನಲ್ಲಿ ಆರಂಭವಾದ ಕಾರ್ಟೂನ್ ಧಾರಾವಾಹಿ ಇದರ ಮೂಲ. ವಿಚಿತ್ರವೆಂದರೆ ಆ ಧಾರಾವಾಹಿಗೆ ಮೊದಲ ಬಾರಿ ಹೆಚ್ಚಿನ ವೀಕ್ಷಕರು ಸಿಗಲಿಲ್ಲ. ಹಣ ಹಾಕಿದ್ದ ಆಟಿಕೆ ಕಂಪೆನಿಯ ಗೊಂಬೆಗಳೂ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. 52 ಕಂತು ನಡೆಯಬೇಕಿದ್ದ ಕಥೆ 43ಕ್ಕೇ ಮುಗಿಯಿತು. ಮರುಪ್ರಸಾರವಾದಾಗ ಮಾತ್ರ ಯುವಕರು ಅದಕ್ಕೆ ಮನಸೋತರು.

1980ರ ಜುಲೈನಲ್ಲಿ ಬಂದಾಯಿ ಕಂಪೆನಿ ಈ ರೋಬಾಟ್‌ನ ಪ್ಲಾಸ್ಟಿಕ್ ಕಿಟ್ ಹೊರತಂದಿತು. ಕಥೆಯಲ್ಲಿನ ಎತ್ತರದ 144ನೇ ಒಂದು ಭಾಗದಷ್ಟಿದ್ದ ಅದರ ಬೆಲೆ 300 ಯೆನ್. ಆರಂಭದ ಕಿಟ್‌ಗಳಿಗೆ ಅಂಟು ಹಾಕಬೇಕಿತ್ತು, ಬಣ್ಣ ಬಳಿಯಬೇಕಿತ್ತು. ಮುಂದೆ ಬಿಡಿಭಾಗಗಳು ಬಣ್ಣದಲ್ಲೇ ಅಚ್ಚಾಗತೊಡಗಿದವು. ಒಂದನ್ನೊಂದು ಒತ್ತಿದರೆ ಕೂಡಿಕೊಳ್ಳುವ ವ್ಯವಸ್ಥೆಯೂ ಬಂತು. ಮಕ್ಕಳ ಆಟಿಕೆ ಹೀಗೆ ದೊಡ್ಡವರ ಹವ್ಯಾಸವೂ ಆಯಿತು.

ಈ ಉದ್ಯಮದಲ್ಲಿ ಹೆಚ್ಚು ಖರ್ಚಾಗುವುದು ಪ್ಲಾಸ್ಟಿಕ್ಕಿಗಲ್ಲ, ಅಚ್ಚಿಗೆ. ಕರಗಿದ ಪಾಲಿಸ್ಟೈರೀನನ್ನು ಭಾರಿ ಒತ್ತಡದಲ್ಲಿ ಉಕ್ಕಿನ ಅಚ್ಚಿನೊಳಗೆ ತುಂಬಿ ತಣಿಸುತ್ತಾರೆ. ಒಮ್ಮೆ ಅಚ್ಚು ಸಿದ್ಧವಾದರೆ ಅದರಿಂದ ಲಕ್ಷಗಟ್ಟಲೆ ತುಣುಕುಗಳು ಬರುತ್ತವೆ. ಅದೇ ಅಚ್ಚಿನ ತುಣುಕಿಗೆ ಹೊಸ ಬಣ್ಣವನ್ನೋ ಹೊಸ ಹೊಳಪನ್ನೋ ಕೊಟ್ಟು, ಇಂತಿಷ್ಟೇ ಎಂದು ಮಿತಿ ಹಾಕಿ, ಒಂದು ಪ್ರದರ್ಶನದಲ್ಲೋ ಒಂದೇ ಮಳಿಗೆಯಲ್ಲೋ ಮಾರಿದರೆ ಅದು ಲಿಮಿಟೆಡ್ ಎಡಿಷನ್. 2017ರಲ್ಲಿ ಟೋಕಿಯೋದ ಒಡೈಬಾದಲ್ಲಿ ಗನ್‌ಡಮ್‌ಗೆಂದೇ ತೆರೆದ ದೊಡ್ಡ ಮಳಿಗೆಯಲ್ಲಿ ಇಂಥ ಕಿಟ್‌ಗಳದೇ ಒಂದು ಆಕರ್ಷಣೆ. ಇಲ್ಲಿ ಕೊರತೆ ಸಹಜವಾದದ್ದಲ್ಲ. ಅದು ಕಂಪೆನಿ ಕೈಗೊಂಡ ತೀರ್ಮಾನ.

ಹೊಳಪಿನ ಮರ್ಮ

ಪ್ಲಾಸ್ಟಿಕ್ಕಿಗೆ ಲೋಹದ ಹೊಳಪು ಬರುವುದು ಹೇಗೆ? ಗಾಳಿಯನ್ನು ಹೊರತೆಗೆದ ಪೆಟ್ಟಿಗೆಯೊಳಗೆ ಅಲ್ಯೂಮಿನಿಯಮನ್ನು ಆವಿಯಾಗುವಷ್ಟು ಕಾಯಿಸುತ್ತಾರೆ. ಆ ಆವಿ ಗೊಂಬೆಯ ತುಣುಕುಗಳ ಮೇಲೆ ಕೂಡಲೇ ಬೆಳ್ಳಿಯ ಪದರವಾಗಿ ಕೂರುತ್ತದೆ. ಚಿನ್ನದ ಬಣ್ಣ ಬೇಕಾದರೆ ಚಿನ್ನ ಬೇಕಿಲ್ಲ. ಬೆಳ್ಳಿಯ ಪದರದ ಮೇಲೆ ಹಳದಿ ಛಾಯೆಯ ಪಾರದರ್ಶಕ ಮೆರುಗೆಣ್ಣೆ ಹಾಕಿದರೆ ಸಾಕು. ಕೆಳಗಿನ ಲೋಹದಿಂದ ಹಿಂದಿರುಗುವ ಬೆಳಕು ಹಳದಿಯ ಮೂಲಕ ಹಾದು ಕಣ್ಣಿಗೆ ಚಿನ್ನವಾಗಿ ತೋರುತ್ತದೆ.

ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರರು ಮರದ ಗೊಂಬೆಗೆ ಮಾಡುವುದೂ ಇದನ್ನೇ. ಅವರು ಇದನ್ನು ಲಾಜವಾರ ಎನ್ನುತ್ತಾರೆ. ತವರವನ್ನು ಪುಡಿ ಮಾಡಿ, ಅಂಟಿನೊಂದಿಗೆ ಬೆರೆಸಿ, ಗೊಂಬೆಗೆ ಬಳಿದು ಒಣಗಿಸುತ್ತಾರೆ. ಆಗ ಅದು ಮಂಕಾಗಿರುತ್ತದೆ. ನುಣುಪಾದ ಕಲ್ಲಿನಿಂದ ತಾಳ್ಮೆಯಿಂದ ತಿಕ್ಕಿದಂತೆಲ್ಲ ಬೆಳ್ಳಿಯ ಕಾಂತಿ ಮೂಡುತ್ತದೆ. ಅದರ ಮೇಲೆ ಮರದ ಅಂಟಿನಿಂದ ತಯಾರಿಸಿದ ಹಳದಿ ದ್ರವ ಸವರಿದರೆ ದೇವರ ಕಿರೀಟ, ಆಭರಣಗಳೆಲ್ಲ ಚಿನ್ನದ್ದಾಗುತ್ತವೆ. ಯಂತ್ರ, ಆವಿ, ಅಲ್ಯೂಮಿನಿಯಂ ಯಾವುದೂ ಇಲ್ಲಿಲ್ಲ. ಬೆಳಕಿನ ತತ್ವ ಮಾತ್ರ ಅದೇ.

ಹೊಳಪಿನ ಕೆಳಗಿನ ಕೆಲಸವೂ ಸಣ್ಣದಲ್ಲ. ಹಗುರವಾದ ಮರದಲ್ಲಿ ಭಾಗಗಳನ್ನು ಬೇರೆ ಬೇರೆಯಾಗಿ ಕೆತ್ತಿ ಜೋಡಿಸುತ್ತಾರೆ. ನೆನೆಸಿ ಪುಡಿ ಮಾಡಿದ ಸೆಣಬು, ಮರದ ಹೊಟ್ಟು, ಹುಣಸೆ ಬೀಜದ ಅಂಟು ಸೇರಿಸಿ ಅರೆದ ಮಿಶ್ರಣಕ್ಕೆ ಕಿಟ್ಟ ಎಂದು ಹೆಸರು. ಸಂದುಗಳನ್ನು ಮುಚ್ಚುವುದೂ ಮೂಗು, ಬಟ್ಟೆಯ ನೆರಿಗೆಗಳನ್ನು ತಿದ್ದುವುದೂ ಇದರಿಂದಲೇ. ಅದರ ಮೇಲೆ ಬಟ್ಟೆ ಅಂಟಿಸಿ, ಕಲ್ಲಿನ ಪುಡಿಯ ಲೇಪ ಕೊಟ್ಟ ನಂತರವೇ ಬಣ್ಣ. ಗರುಡ, ಗಣೇಶ, ಲಕ್ಷ್ಮಿ, ಕಾಮಧೇನು ಹೀಗೆ ರೂಪು ತಳೆಯುತ್ತವೆ. ಜಪಾನಿನ ಕಿಟ್ಟಿನಂತೆ ಇದೂ ಬಿಡಿಭಾಗಗಳ ಗೊಂಬೆಯೇ. ಆದರೆ ಇಲ್ಲಿ ಅಚ್ಚಿಲ್ಲ. ಆದ್ದರಿಂದ ಒಂದು ಗರುಡ ಇನ್ನೊಂದರಂತೆ ಇರುವುದಿಲ್ಲ.

ಈ ಕುಶಲಕರ್ಮಿಗಳ ಪರಂಪರೆಯನ್ನು ವಿಜಯನಗರದ ಕಾಲದೊಂದಿಗೆ ಜೋಡಿಸುವುದು ವಾಡಿಕೆ. ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಮಾಳಿಗೆಯ ಚಿತ್ರಗಳು ತಮ್ಮ ಹಿರಿಯರ ಕೈಕೆಲಸ ಎಂಬ ನಂಬಿಕೆ ಕಿನ್ನಾಳದಲ್ಲಿದೆ. ಗುಡಿ, ತೇರು, ಪಲ್ಲಕ್ಕಿಗಳಿಗೆ ದುಡಿದ ಕೈಗಳು ಆಶ್ರಯ ಕಡಿಮೆಯಾದಂತೆ ಮನೆಯ ದೇವರು, ತೊಟ್ಟಿಲು, ಆಟದ ಗೊಂಬೆಗಳ ಕಡೆ ತಿರುಗಿದವು ಎಂದು ಊಹಿಸಬಹುದು. ಕಿನ್ನಾಳದ ಗೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ.

ಒಂದೇ ಜಿಲ್ಲೆಯ ಎರಡು ಆಟಿಕೆಗಳು

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟ ಕೊಪ್ಪಳ ಜಿಲ್ಲೆಯಲ್ಲಿ ಈಗ ಪ್ಲಾಸ್ಟಿಕ್ ಆಟಿಕೆಯೂ ನೆಲೆಯೂರಿದೆ. ಮೊದಲು ಯಲಬುರ್ಗಾ ತಾಲ್ಲೂಕಿನಲ್ಲಿದ್ದು ನಂತರ ಕುಕನೂರು ತಾಲ್ಲೂಕಿಗೆ ಸೇರಿದ ಭಾನಾಪುರದ ಬಳಿ ಸುಮಾರು 400 ಎಕರೆಯಲ್ಲಿ ಆಟಿಕೆ ಕ್ಲಸ್ಟರ್ ಸ್ಥಾಪಿಸುವುದಾಗಿ 2020ರಲ್ಲಿ ಪ್ರಕಟಿಸಲಾಯಿತು. ಬೆಳಗಾವಿಯ ಏಕಸ್ ಸಂಸ್ಥೆ ಇದರ ರೂವಾರಿ. 5,000 ಕೋಟಿ ರೂಪಾಯಿ ಹೂಡಿಕೆ, 40,000 ಉದ್ಯೋಗ ಎಂಬುದು ಅಂದಿನ ಘೋಷಣೆ. 2021ರ ಜನವರಿಯಲ್ಲಿ ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಶಂಕುಸ್ಥಾಪನೆ ಮಾಡಿದರು. ಮುಂದೆ ಅಲ್ಲಿ ಆಟಿಕೆ ತಯಾರಿಕೆ ಶುರುವಾಯಿತು. ವಿದೇಶಿ ಆಟಿಕೆಗಳ ಮೇಲಿನ ಆಮದು ಸುಂಕವನ್ನು ಕೇಂದ್ರ ಸರ್ಕಾರ 2020ರಲ್ಲಿ ಶೇ 20ರಿಂದ 60ಕ್ಕೆ ಏರಿಸಿದ್ದೂ ಇಂಥ ಉದ್ಯಮಕ್ಕೆ ಒತ್ತಾಸೆಯಾಯಿತು.

ಮಳೆಯನ್ನೇ ನಂಬಿದ ಎರೆಭೂಮಿಯ ಬೇವೂರು, ಯಲಬುರ್ಗಾ, ಕುಷ್ಟಗಿ ಕಡೆಯ ಯುವಕ ಯುವತಿಯರಿಗೆ ಸಮೀಪದಲ್ಲೇ ಸಂಬಳದ ಕೆಲಸ ಸಿಗುವುದು ಸಣ್ಣ ಮಾತಲ್ಲ. ಗುಳೆ ಹೋಗುವ ಸೀಮೆಗೆ ಅದರ ಬೆಲೆ ಗೊತ್ತು. ಹಾಗಾಗಿ ಪ್ಲಾಸ್ಟಿಕ್ಕನ್ನು ಹಳಿದು ಮರವನ್ನು ಹೊಗಳುವುದರಿಂದ ಪ್ರಯೋಜನವಿಲ್ಲ. ಪ್ರಶ್ನೆ ಬೇರೆಯದು. ಕಿನ್ನಾಳದ ವಿದ್ಯೆ ಪುಸ್ತಕದಲ್ಲಿಲ್ಲ; ತಂದೆಯ ಪಕ್ಕದಲ್ಲಿ ಕುಳಿತು ಮಗ ಕಲಿತದ್ದು. ಕಲ್ಲಿನಿಂದ ಎಷ್ಟು ಒತ್ತಿ ತಿಕ್ಕಬೇಕು, ಹಳದಿ ದ್ರವ ಎಷ್ಟು ತೆಳುವಿರಬೇಕು ಎಂಬುದು ಕೈಗೆ ಮಾತ್ರ ಗೊತ್ತು. ಒಂದು ತಲೆಮಾರು ಕಾರ್ಖಾನೆಯ ಪಾಳಿಗೆ ಹೊರಟರೆ ಆ ತಿಳಿವಳಿಕೆಯನ್ನು ಮರಳಿ ತರುವುದು ಕಷ್ಟ.

ಕಾನೂನು ಈ ವ್ಯತ್ಯಾಸವನ್ನು ಗುರುತಿಸಿದೆ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾದಾಗ, ನೋಂದಾಯಿತ ಕುಶಲಕರ್ಮಿಗಳ ಮತ್ತು ಭೌಗೋಳಿಕ ಸೂಚಕ ಪಡೆದ ಆಟಿಕೆಗಳಿಗೆ ವಿನಾಯಿತಿ ನೀಡಲಾಯಿತು. ಆದರೆ ವಿನಾಯಿತಿಯಿಂದ ಹೊಟ್ಟೆ ತುಂಬುವುದಿಲ್ಲ. ಗಿರಾಕಿ ಬೇಕು, ತಕ್ಕ ಬೆಲೆ ಬೇಕು.

ಇಲ್ಲಿ ಜಪಾನಿನ ರೋಬಾಟ್ ಒಂದು ಪಾಠ ಹೇಳುತ್ತದೆ. ಲಕ್ಷಗಟ್ಟಲೆ ಮಾಡಬಲ್ಲ ಗೊಂಬೆಯನ್ನು ಬೇಕೆಂದೇ ಕಡಿಮೆ ಮಾಡಿ, ಮೇಲೆ ಹೊಳಪು ಕೊಟ್ಟು, ಹೆಚ್ಚಿನ ಬೆಲೆಗೆ ಮಾರಲಾಗುತ್ತಿದೆ. ಕೊಳ್ಳುವವರೂ ಸಂತೋಷದಿಂದ ಕೊಳ್ಳುತ್ತಾರೆ. ಕಿನ್ನಾಳದ ಗೊಂಬೆಯಾದರೋ ನಿಜವಾಗಿಯೂ ಒಂದೊಂದೇ ಆಗಿ ಹುಟ್ಟುತ್ತದೆ. ಆದರೂ ಅದನ್ನು ಕೊಳ್ಳುವಾಗ ಚೌಕಾಸಿ ನಡೆಯುತ್ತದೆ. ಮಾಡಿದವರ ಹೆಸರು, ಮಾಡಿದ ವರ್ಷ, ಲಾಜವಾರಕ್ಕೆ ತಗುಲಿದ ದಿನಗಳು, ಇಷ್ಟನ್ನು ಗೊಂಬೆಯ ಜೊತೆಗಿನ ಒಂದು ಚೀಟಿಯಲ್ಲಿ ಬರೆದುಕೊಟ್ಟರೂ ಕೊಳ್ಳುವವರ ಕಣ್ಣು ತೆರೆಯಬಹುದು. ಕಂಪೆನಿಯ ಲಿಮಿಟೆಡ್ ಎಡಿಷನ್ ಮುಗಿದುಹೋದರೆ ಅಚ್ಚು ಅಲ್ಲಿಯೇ ಇರುತ್ತದೆ, ಬೇಕೆಂದಾಗ ಮತ್ತೆ ತೆಗೆಯಬಹುದು. ಕಿನ್ನಾಳದಲ್ಲಿ ಆ ಅಚ್ಚು ಇರುವುದು ಮನುಷ್ಯರ ಕೈಯಲ್ಲಿ.