ಕನ್ನಡ ಸಂಗೀತ ಕಡತಗಳ ವರ್ಗಾವಣೆ ಮತ್ತು ಮನೆಯೊಳಗಿನ ಸ್ಟ್ರೀಮಿಂಗ್ ದೋಷಗಳು

ಮನೆಯೊಳಗಿನ ಸ್ಟ್ರೀಮಿಂಗ್ ಎಂಬುದು ಒಂದು ಗಣಕಯಂತ್ರದಲ್ಲಿರುವ ಹಾಡು ಹಾಗೂ ಚಲನಚಿತ್ರಗಳನ್ನು ಅದೇ ಮನೆಯ ಟಿವಿ, ಮೊಬೈಲ್ ಅಥವಾ ಸ್ಪೀಕರಿನಲ್ಲಿ ಸ್ಥಳೀಯ ಜಾಲದ ಮೂಲಕ ನುಡಿಸುವ ವ್ಯವಸ್ಥೆ. ಕನ್ನಡ ಬಳಕೆದಾರರಿಗೆ ಇದರಲ್ಲಿ ಜಾಲದ ದೋಷಗಳ ಜೊತೆಗೆ ಲಿಪಿಯ ದೋಷಗಳೂ ಎದುರಾಗುತ್ತವೆ.

ಶೀರ್ಷಿಕೆಗಳು ಕೆಡುವ ಬಗೆ

ಎಂಪಿ3 ಕಡತದ ಹಾಡಿನ ಹೆಸರು, ಗಾಯಕರ ಹೆಸರು ಮೊದಲಾದವು ಐಡಿ3 ಎಂಬ ಪಟ್ಟಿಯಲ್ಲಿರುತ್ತವೆ. ಇದರ ಮೊದಲ ಆವೃತ್ತಿಯಲ್ಲಿ ಶೀರ್ಷಿಕೆಗೆ ದೊರೆಯುವುದು 30 ಬೈಟ್ ಮಾತ್ರ. ಅದು ಲ್ಯಾಟಿನ್ ಅಕ್ಷರಗಳನ್ನು ಉದ್ದೇಶಿಸಿದ್ದು. ಕೆಲವು ತಂತ್ರಾಂಶಗಳು ಅದರಲ್ಲಿಯೇ ಯುಟಿಎಫ್-8 ಕನ್ನಡವನ್ನು ತುಂಬುತ್ತವೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ಸ್ವರಚಿಹ್ನೆ, ವಿರಾಮಗಳೂ ಪ್ರತ್ಯೇಕ ಸಂಕೇತಗಳೇ. ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಹೆಸರನ್ನೇ ತೆಗೆದುಕೊಂಡರೆ ಅದರಲ್ಲಿ 8 ಸಂಕೇತ, ಅಂದರೆ 24 ಬೈಟ್. ‘ಬೆಳಕವಾಡಿ ಶ್ರಾವಣ ಭಜನೆ’ ಎಂದು ಬರೆದರೆ ‘ಶ’ ಮುಗಿಯುವಷ್ಟರಲ್ಲಿ 28 ಬೈಟ್ ತುಂಬಿ, ಮುಂದಿನ ವಿರಾಮಚಿಹ್ನೆ ನಡುವೆಯೇ ತುಂಡಾಗುತ್ತದೆ. ಪರದೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆ ಅಥವಾ ಖಾಲಿ ಚೌಕ ಕಾಣುವುದಕ್ಕೆ ಇದೊಂದು ಕಾರಣ. ಐಡಿ3 ಆವೃತ್ತಿ 2.3 ಯುಟಿಎಫ್-16ನ್ನು, 2000ದ ಆವೃತ್ತಿ 2.4 ಯುಟಿಎಫ್-8ನ್ನೂ ಒಪ್ಪುತ್ತದೆ. ಹಳೆಯ ಸಾಧನಗಳಿಗೆ 2.3ರ ಯುಟಿಎಫ್-16 ಹೆಚ್ಚು ಸುರಕ್ಷಿತ.

ಪಟ್ಟಿ ಸರಿಯಿದ್ದರೂ ಸಾಧನದಲ್ಲಿ ಕನ್ನಡ ಅಕ್ಷರಶೈಲಿ ಇಲ್ಲದಿದ್ದರೆ ಚೌಕಗಳೇ ಕಾಣುತ್ತವೆ. ಅದೇ ಕಡತ ಮೊಬೈಲಿನಲ್ಲಿ ಸರಿಯಾಗಿ ಕಂಡರೆ ದೋಷ ಕಡತದ್ದಲ್ಲ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಯೂನಿಕೋಡ್‌ಪೂರ್ವ ಅಕ್ಷರಶೈಲಿಯಲ್ಲಿ ಟೈಪಿಸಿದ ಹೆಸರುಗಳು ಮಾತ್ರ ಎಲ್ಲೆಡೆ ಲ್ಯಾಟಿನ್ ಚಿಹ್ನೆಗಳಾಗಿ ತೋರುತ್ತವೆ. ಇವನ್ನು ಯೂನಿಕೋಡಿಗೆ ಪರಿವರ್ತಿಸದೆ ಬೇರೆ ದಾರಿಯಿಲ್ಲ.

ಇನ್ನೊಂದು ತೊಡಕು ಕಣ್ಣಿಗೆ ಬೀಳುವುದೇ ಇಲ್ಲ. ಆಪಲ್ ಗಣಕಗಳ ಹಳೆಯ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ‘ದೇ’ ಅಕ್ಷರದ ಏತ್ವ-ದೀರ್ಘಗಳನ್ನು ಬಿಡಿಸಿ ಎರಡು ಸಂಕೇತಗಳಾಗಿ ಉಳಿಸುತ್ತಿತ್ತು. ಅಲ್ಲಿಂದ ಲಿನಕ್ಸ್ ಸರ್ವರಿಗೆ ಬಂದ ‘ದೇವರನಾಮ’ ಕಡತ ಹುಡುಕಿದರೆ ಸಿಗದಿರಬಹುದು. ಒಂದೇ ಹೆಸರಿನ ಎರಡು ಕಡತಗಳು ಅಕ್ಕಪಕ್ಕ ಕಾಣುವ ವಿಚಿತ್ರಕ್ಕೂ ಇದು ಮೂಲ.

ವರ್ಗಾವಣೆ

60 ನಿಮಿಷದ ಕ್ಯಾಸೆಟ್ಟನ್ನು ಸಿಡಿ ಗುಣಮಟ್ಟದಲ್ಲಿ ದಾಖಲಿಸಿದರೆ ಸುಮಾರು 635 ಎಂಬಿ. ಸೆಕೆಂಡಿಗೆ 128 ಕಿಲೋಬಿಟ್ ಎಂಪಿ3 ಆದರೆ ಸುಮಾರು 58 ಎಂಬಿ. ಮನೆಯ ಭಜನೆ, ಹಿರಿಯರ ಸೋಬಾನೆ ಪದಗಳಿರುವ ಕ್ಯಾಸೆಟ್ಟಿಗೆ ಮತ್ತೊಂದು ಪ್ರತಿ ಇರುವುದು ಅಪರೂಪ. ಆದ್ದರಿಂದ ‘ಕಟ್’ ಮಾಡದೆ ‘ಕಾಪಿ’ ಮಾಡಿ, ಎರಡೂ ಕಡೆಯ ಎಸ್‌ಎಚ್‌ಎ-256 ಮೊತ್ತ ಒಂದೇ ಎಂದು ಖಚಿತವಾದ ಮೇಲಷ್ಟೇ ಮೂಲವನ್ನು ಅಳಿಸುವುದು ರೂಢಿ. ಗಾತ್ರ ಸಮನಾಗಿದ್ದ ಮಾತ್ರಕ್ಕೆ ಕಡತ ಪೂರ್ಣವೆಂದು ಹೇಳಲಾಗದು. ಎಫ್‌ಎಟಿ32 ಪೆನ್‌ಡ್ರೈವ್‌ನಲ್ಲಿ 4 ಜಿಬಿ ಗಾತ್ರದ ಒಂಟಿ ಕಡತ ಹಿಡಿಯುವುದಿಲ್ಲ. ಲಿನಕ್ಸ್‌ನ ಇಎಕ್ಸ್‌ಟಿ4ರಲ್ಲಿ ಹೆಸರಿನ ಮಿತಿ 255 ಬೈಟ್, ಅಂದರೆ ಕನ್ನಡದ 85 ಸಂಕೇತ. ‘ಶ್ರೀ’ ಒಂದಕ್ಕೇ 4 ಸಂಕೇತ ವ್ಯಯವಾಗುತ್ತದೆ.

ಸರ್ವರ್ ಕಾಣದಿದ್ದಾಗ

2003ರಲ್ಲಿ ಸ್ಥಾಪನೆಯಾದ ಡಿಎಲ್‌ಎನ್‌ಎ ಒಕ್ಕೂಟ 2017ರಲ್ಲಿ ವಿಸರ್ಜನೆಗೊಂಡರೂ ಅದರ ಮಾನದಂಡ ಅನೇಕ ಟಿವಿಗಳಲ್ಲಿ ಉಳಿದಿದೆ. ಇದರಲ್ಲಿ ಸಾಧನಗಳು ಯುಡಿಪಿ 1900 ದ್ವಾರದ ಮೂಲಕ ಒಂದನ್ನೊಂದು ಹುಡುಕುತ್ತವೆ. ಟಿವಿ ಅತಿಥಿ ವೈಫೈಯಲ್ಲಿದ್ದರೆ ಅಥವಾ ಗಣಕದ ಫೈರ್‌ವಾಲ್ ಈ ದ್ವಾರವನ್ನು ತಡೆದರೆ ಸರ್ವರ್ ಪಟ್ಟಿಯಲ್ಲಿ ಮೂಡುವುದಿಲ್ಲ. ಹೆಸರು ಕಂಡು ಹಾಡು ನುಡಿಯದಿದ್ದರೆ ಕಡತದ ಸಂಕೇತಕ್ರಮವನ್ನು ಟಿವಿ ಬೆಂಬಲಿಸುತ್ತಿಲ್ಲವೆಂದು ಮೊದಲು ಶಂಕಿಸಬೇಕು. ಹಾಡು ಸರಾಗವಾಗಿದ್ದು ಚಲನಚಿತ್ರ ಮಾತ್ರ ತಡವರಿಸಿದರೆ ವೈಫೈ ವೇಗ ಸಾಲದಿರಬಹುದು. ಎತರ್ನೆಟ್ ತಂತಿ ಜೋಡಿಸಿ ನೋಡಿದರೆ ತಿಳಿಯುತ್ತದೆ.