ಕೇಪುಳ

ಕೇಪುಳ (ಇಕ್ಸೋರಾ ಕಾಕ್ಸಿನಿಯ) ಕಾಫಿಯ ಕುಟುಂಬವಾದ ರುಬಿಯೇಸಿಗೆ ಸೇರಿದ ನಿತ್ಯಹಸಿರು ಪೊದೆಗಿಡ. ಕಿಸ್ಕಾರ, ಗುಡ್ಡೆದಾಸವಾಳ ಎಂದೂ ಕರೆಯುತ್ತಾರೆ. ದಕ್ಷಿಣ ಭಾರತ ಮತ್ತು ಶ್ರೀಲಂಕಾ ಇದರ ತವರು. ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಮುರಕಲ್ಲಿನ (ಲ್ಯಾಟರೈಟ್) ಗುಡ್ಡೆಗಳಲ್ಲಿ ತಾನಾಗಿ ಬೆಳೆಯುತ್ತದೆ.

ಲಕ್ಷಣ: ಎಲೆಗಳು ಹೆಚ್ಚುಕಡಿಮೆ ತೊಟ್ಟಿಲ್ಲದೆ ಎದುರುಬದುರಾಗಿರುತ್ತವೆ. ರೆಂಬೆಯ ತುದಿಯಲ್ಲಿ ಕೆಂಪು ಹೂಗಳ ಗೊಂಚಲು. ಒಂದೊಂದು ಹೂವಿಗೂ ಕಡ್ಡಿಯಂಥ ಉದ್ದನೆಯ ಕೊಳವೆ, ಅದರ ತುದಿಗೆ ನಾಲ್ಕು ಎಸಳು. ಮಕರಂದ ಕೊಳವೆಯ ತಳದಲ್ಲಿರುವುದರಿಂದ ಅದು ದಕ್ಕುವುದು ಮುಖ್ಯವಾಗಿ ಉದ್ದ ಹೀರುನಳಿಗೆಯ ದೊಡ್ಡ ಚಿಟ್ಟೆಗಳಿಗೆ. ಹೂ ಕಿತ್ತು ಬುಡ ಚೀಪುವ ಮಕ್ಕಳಿಗೂ ಆ ಸಿಹಿ ಗೊತ್ತು. ಕಪ್ಪುಗೆಂಪು ಹಣ್ಣನ್ನೂ ತಿನ್ನುತ್ತಾರೆ.

ಇತಿಹಾಸ: ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಹೊರತಂದ ‘ಹೊರ್ತುಸ್ ಮಲಬಾರಿಕುಸ್’ ಗ್ರಂಥದ ಎರಡನೆಯ ಸಂಪುಟದಲ್ಲಿ (1679) ಈ ಗಿಡದ ವಿವರಣೆಯಿದೆ. ಈಗಿನ ವೈಜ್ಞಾನಿಕ ಹೆಸರನ್ನು 1753ರಲ್ಲಿ ಲಿನೇಯಸ್ ಕೊಟ್ಟ.

ಈ ತಾಲೂಕುಗಳಲ್ಲಿ ಕೇಪುಳದ ಚರಿತ್ರೆ ಕುಮ್ಕಿ ಜಮೀನಿನ ಚರಿತ್ರೆಗೆ ಅಂಟಿಕೊಂಡಿದೆ. ಕಂದಾಯ ವರ್ಷವಾದ ಫಸಲಿ 1276ಕ್ಕೆ (1866) ಹಿಂದಿನ ವರ್ಗ ಜಮೀನಿನಿಂದ (ಖಾತೆಯಾದ ಸಾಗುವಳಿ ಜಮೀನಿನಿಂದ) 100 ಗಜದೊಳಗಿನ ಸರ್ಕಾರಿ ಗುಡ್ಡದಲ್ಲಿ ಸೊಪ್ಪು, ಸೌದೆ ತರಲು ಮತ್ತು ದನ ಮೇಯಿಸಲು ವರ್ಗದಾರನಿಗೆ ಸವಲತ್ತಿತ್ತು; ಆ ಗುಡ್ಡವೇ ಕುಮ್ಕಿ. 1964ರ ಭೂಕಂದಾಯ ಕಾಯ್ದೆಯೂ ಆ ಸವಲತ್ತನ್ನು ಉಳಿಸಿತು. ಹಟ್ಟಿಗೆ ಹಾಸಲು, ಅಡಿಕೆ ತೋಟಕ್ಕೆ ಗೊಬ್ಬರವಾಗಲು ಗುಡ್ಡೆಯ ಸೊಪ್ಪು ಕಡಿಯುತ್ತಲೇ ಇದ್ದುದರಿಂದ ಮರಗಳು ಎತ್ತರಕ್ಕೇಳಲಿಲ್ಲ. ಕಡಿದಷ್ಟೂ ಬುಡದಿಂದ ಚಿಗುರುವ ಕೇಪುಳಕ್ಕೆ ಬಿಸಿಲಿನ ಜಾಗ ಉಳಿಯಿತು.

ಬಳಕೆ: ಭೂತಾರಾಧನೆಯಲ್ಲಿ ಪಿಂಗಾರದ (ಅಡಿಕೆ ಹೂವಿನ) ಜೊತೆ ಕೇಪುಳ ಹೂ ಸಲ್ಲುತ್ತದೆ. ಹೂ ಮತ್ತು ಕುಡಿಯಿಂದ ತಂಬುಳಿ ಮಾಡುತ್ತಾರೆ. ಹೂ ಹಾಕಿ ಕಾಯಿಸಿದ ತೆಂಗಿನೆಣ್ಣೆಯನ್ನು ಮಕ್ಕಳ ಮೈಗೆ ಹಚ್ಚುವುದೂ ಬೇರನ್ನು ಆಮಶಂಕೆಗೆ ಕೊಡುವುದೂ ನಾಟಿವೈದ್ಯದ ರೂಢಿ.

ಇಂದಿನ ಸ್ಥಿತಿ: ರಬ್ಬರು ತೋಟ, 1980ರ ದಶಕದಿಂದ ಹಬ್ಬಿದ ಅಕೇಶಿಯಾ ನೆಡುತೋಪು, ಕೆಂಪುಕಲ್ಲಿನ ಕೋರೆ ಮತ್ತು ಮನೆ ನಿವೇಶನಗಳು ಈ ಗುಡ್ಡೆಗಳನ್ನು ಆಕ್ರಮಿಸಿವೆ. ನರ್ಸರಿಯಲ್ಲಿ ಸಿಗುವ ಹಳದಿ, ಗುಲಾಬಿ ಬಣ್ಣದ ಗಿಡ್ಡ ತಳಿಗಳು ಅಂಗಳಕ್ಕೆ ಚಂದ. ಮದ್ದಿಗೆ, ತಂಬುಳಿಗೆ ಮಾತ್ರ ತಿಳಿದವರು ಈಗಲೂ ಗುಡ್ಡೆಯ ಕೇಪುಳವನ್ನೇ ಹುಡುಕುತ್ತಾರೆ.