ಬೆಂಗಳೂರಿನಲ್ಲಿ ಜೋಡಿಸಿದ 5 ಹಾಕ್‌ಗಳು

(1/3)
ನರಗುಂದದ ಗುಡ್ಡ, ಗಜೇಂದ್ರಗಡದ ಕೋಟೆ ಬಿಟ್ಟು ಈ ಸಲ ಆಕಾಶಕ್ಕ ಹೋಗೋಣ್ರಿ.

ಮೊದಲ ಮಹಾಯುದ್ಧದ ಬಹುತೇಕ ಫೈಟರ್ ವಿಮಾನಗಳಿಗೆ ಒಂದರ ಮೇಲೊಂದು ಎರಡು ಅಂತಸ್ತಿನ ರೆಕ್ಕೆ. ಕಟ್ಟಿಗೆಯ ಚೌಕಟ್ಟು, ಮೇಲೆ ಬಟ್ಟೆ. 1930ರ ದಶಕದಲ್ಲಿ ಇದು ಬದಲಾಯ್ತು. ರೆಕ್ಕೆ ಒಂದೇ ಅಂತಸ್ತು, ಮೈಯೆಲ್ಲ ಲೋಹ, ಹಾರಿದ ಮೇಲೆ ಗಾಲಿ ಒಳಗ ಮಡಚಿಕೊಳ್ಳತಾವ. ಇದೇ ಮೊನೊಪ್ಲೇನ್. ಆ ಕಾಲದ ಒಂದು ಹೆಸರು ಅಮೆರಿಕದ ಕರ್ಟಿಸ್ ಹಾಕ್ 75. ಮೊದಲು ಹಾರಿದ್ದು 1935ರಲ್ಲಿ. 1940ರಲ್ಲಿ ಫ್ರೆಂಚರ ಹಾಕ್‌ಗಳು ಜರ್ಮನರ ಎದುರು ಚಲೋನೇ ಕಾದಾಡಿದವು. ಆದರೆ ಹೊಸ ವಿಮಾನಗಳ ವೇಗಕ್ಕೆ ಇದು ಸಾಟಿಯಾಗಲಿಲ್ಲ. ಅಮೆರಿಕ ತನ್ನ ಹಾಕ್‌ಗಳನ್ನು ಪೈಲಟ್ ತರಬೇತಿಗೆ ಹಚ್ಚಿತು.

ಈ ಹಾಕ್‌ಗೂ ಕರ್ನಾಟಕಕ್ಕೂ ಏನು ಸಂಬಂಧ ಅಂತೀರಿ?

(2/3)
ವಾಲ್‌ಚಂದ್ ಹಿರಾಚಂದ್ ಸೊಲ್ಲಾಪುರದವರು. ನಮ್ಮ ಗದಗ-ಹೊಟಗಿ ರೈಲು ದಾರಿ ಹಿಡಿದು ಹೋದರೆ ಆ ಕಡೆಯ ದೊಡ್ಡ ಊರು ಅದು. 1939ರಲ್ಲಿ ಪೆಸಿಫಿಕ್ ದಾಟುವ ವಿಮಾನದಲ್ಲಿ ಅವರಿಗೆ ವಿಲಿಯಂ ಪಾಲಿ ಎಂಬ ಅಮೆರಿಕನ್ ಸಿಕ್ಕ. ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದವ. ಮಾತಿಗೆ ಮಾತು ಬೆಳೆದು, 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯ್ತು. ಆಗ ಮೈಸೂರಿನ ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಜಯಚಾಮರಾಜೇಂದ್ರ ಒಡೆಯರ್ ಪಟ್ಟಕ್ಕೆ ಬಂದು ಇನ್ನೂ ಕೆಲವೇ ತಿಂಗಳು. ಮೈಸೂರು ಸಂಸ್ಥಾನ 700 ಎಕರೆ ಜಾಗ ಕೊಟ್ಟು, 25 ಲಕ್ಷ ರೂಪಾಯಿ ಪಾಲು ಹಾಕಿತು. (ನಾವು ರೋಣ, ನರಗುಂದದವರು ಆಗ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. ಬೆಂಗಳೂರು ನಮಗ ಪರರಾಜ್ಯ!)

ಕಾರ್ಖಾನೆಯಿಂದ ಮೊದಲು ಹೊರಬಂದದ್ದು ಫೈಟರ್ ಅಲ್ಲ, ಹಾರ್ಲೋ ಎಂಬ ತರಬೇತಿ ಮೊನೊಪ್ಲೇನ್. ನನಗ ಭಾಳ ಸೇರೋದು ಇದರ ಕಥೆ. ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ಜೂನಿಯರ್ ಕಾಲೇಜಿನಲ್ಲಿ ಮ್ಯಾಕ್ಸ್ ಹಾರ್ಲೋ ಎಂಬ ಮಾಸ್ತರರು ವಿದ್ಯಾರ್ಥಿಗಳ ಕೈಯಿಂದಲೇ ಒಂದು ವಿಮಾನ ಕಟ್ಟಿಸಿದರು. 1937ರಲ್ಲಿ ಅದು ಹಾರಿತು. ಅದೇ ವಿನ್ಯಾಸ ತಿದ್ದಿ, ಗುರು-ಶಿಷ್ಯರು ಹಿಂದೆ ಮುಂದೆ ಕೂಡುವ ಹಾಗೆ ಮಾಡಿದ್ದೇ ಪಿಸಿ-5. ಕಾಲೇಜು ಹುಡುಗರ ಪ್ರಾಜೆಕ್ಟಿನ ಕೂಸು 1941ರಲ್ಲಿ ಬೆಂಗಳೂರಿನ ಆಕಾಶಕ್ಕೆ ಬಂತು ನೋಡ್ರಿ.

(3/3)
ಹಾಕ್‌ಗೆ ಬಂದ ಆರ್ಡರ್ 48. ಮೊದಲನೆಯದು ಹಾರಿದ್ದು 1942ರ ಜುಲೈ 31ರಂದು. ಆಮೇಲೆ ಇನ್ನು 4 ತಯಾರಾದವು, ಅಷ್ಟೇ. ಯಾಕಂದ್ರ ಅಷ್ಟರಲ್ಲಿ ಜಪಾನಿನ ಸೈನ್ಯ ಬರ್ಮಾದವರೆಗೆ ಬಂದಿತ್ತು. ಬ್ರಿಟಿಷ್ ಸರ್ಕಾರಕ್ಕೆ ಹೊಸದಾಗಿ ಕಟ್ಟುವುದಕ್ಕಿಂತ ಇದ್ದ ವಿಮಾನಗಳ ರಿಪೇರಿ ಮುಖ್ಯ ಅನಿಸಿತು. 1942ರಲ್ಲೇ ವಾಲ್‌ಚಂದ್ ಅವರ ಪಾಲನ್ನು ಸರ್ಕಾರ ಕೊಂಡುಕೊಂಡಿತು. 1943ರಲ್ಲಿ ಕಾರ್ಖಾನೆ ಅಮೆರಿಕದ ವಾಯುಸೇನೆಯ ಕೈಗೆ ಹೋಗಿ, ಅವರ ವಿಮಾನಗಳ ದುರಸ್ತಿ ಶೆಡ್ ಆಯ್ತು. ಕನಸು ಕಂಡವರು ಎರಡೇ ವರ್ಷಕ್ಕೆ ಹೊರಗೆ. ಯುದ್ಧದ ಲೆಕ್ಕದಲ್ಲಿ ಅದು ಸರಿ ಇರಬಹುದು. ವಾಲ್‌ಚಂದ್ ಅವರಿಗೆ ಮಾತ್ರ ಅದು ನ್ಯಾಯ ಅಲ್ಲ ಅಂತ ನನ್ನ ಅಭಿಪ್ರಾಯ.

ಆದರೂ ದುರಸ್ತಿ ಅಂದ್ರ ಸಣ್ಣ ವಿದ್ಯೆ ಅಲ್ಲ. ಎಂಜಿನ್ ಬಿಚ್ಚಿ, ತೊಳೆದು, ಮತ್ತೆ ಕೂಡಿಸಿದ ಕೈಗಳು ಸಾವಿರಾರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ (ಈಗಿನ ಐಐಎಸ್‌ಸಿ) 1942ರಲ್ಲೇ ವಿಮಾನ ಎಂಜಿನಿಯರಿಂಗ್ ವಿಭಾಗ ಶುರುವಾಗಿತ್ತು. ಅದರ ಮುಖ್ಯಸ್ಥರು ಡಾ. ವಿ. ಎಂ. ಘಾಟಗೆ, ಜರ್ಮನಿಯ ಗಾಟಿಂಗೆನ್‌ನಲ್ಲಿ ಪ್ರಾಂಟ್ಲ್ ಹತ್ತಿರ ಕಲಿತವರು. ಸ್ವಾತಂತ್ರ್ಯದ ನಂತರ ಅದೇ ಕಾರ್ಖಾನೆಯಲ್ಲಿ ಅವರ ತಂಡ ಎಚ್‌ಟಿ-2 ಎಂಬ ತರಬೇತಿ ವಿಮಾನದ ನಕ್ಷೆ ಬರೆಯಿತು. ಇದೂ ಮೊನೊಪ್ಲೇನ್, ಇಲ್ಲೂ ಗುರು-ಶಿಷ್ಯರು ಹಿಂದೆ ಮುಂದೆ. ಫರಕು ಒಂದೇ, ಈ ಸಲ ನಕ್ಷೆ ನಮ್ಮದು. 1951ರ ಆಗಸ್ಟ್‌ನಲ್ಲಿ ಹಾರಿತು. ಮುಂದೆ ಆಫ್ರಿಕಾದ ಘಾನಾ ದೇಶವೂ ತನ್ನ ಪೈಲಟ್‌ಗಳನ್ನು ಕಲಿಸಲಿಕ್ಕೆ 12 ಎಚ್‌ಟಿ-2 ತರಿಸಿಕೊಂಡಿತು.

ನಿಮ್ಮ ಮನೆಯಾಗ ಎಚ್‌ಎಎಲ್‌ನಲ್ಲಿ ದುಡಿದ ಅಜ್ಜ, ಕಾಕಾ ಯಾರಾದರೂ ಇದ್ದರೆ ಈ ಪೋಸ್ಟ್ ಓದಿ ಹೇಳ್ರಿ. ಅವರು ಏನಂದ್ರು ಅಂತ ಕಮೆಂಟ್‌ನ್ಯಾಗ ಬರೀರಿ.

#ಗದಗಜಿಲ್ಲೆ #ರೋಣ #ನರಗುಂದ #ಗಜೇಂದ್ರಗಡ #ಎಚ್‌ಎಎಲ್ #ಇತಿಹಾಸ